ಮಧ್ಯಾಹ್ನದ ಉಪವಾಸ

ತನ್ನ ಧ್ವನಿ ಇಷ್ಟೊಂದು ಇಂಪಾಗಿದೆ ಎಂಬುದು ಕೆಂಪರಾಜುವಿಗೆ ಗೊತ್ತಾದದ್ದು ಶಿಡ್ಲಘಟ್ಟದ ಬಸ್ ನಿಲ್ದಾಣದ ಎದುರಿನ ಬೇಕರಿಯಲ್ಲಿ, ಬೇರೊಬ್ಬನ ಫೋನಿನೊಳಗಿಂದ. ಶಾಲೆಯ ಕಾಗದಗಳನ್ನು ಬಿಇಒ ಕಚೇರಿಗೆ ಮುಟ್ಟಿಸಿ, ಜಂಗಮಕೋಟೆಯ ಬಸ್ಸಿಗೆ ಇನ್ನೂ ಹೊತ್ತಿದ್ದುದರಿಂದ ಒಂದು ಬೆಣ್ಣೆ ಬನ್ನು ಕಟ್ಟಿಸಿಕೊಳ್ಳುತ್ತಿದ್ದಾಗ ಹಿಂದಿನಿಂದ ಯಾರೋ "ಪ್ರೈಸ್ ದ ಲಾರ್ಡ್ ಬ್ರದರ್" ಎಂದು ಬೆನ್ನು ತಟ್ಟಿದರು. ಗೌರಿಬಿದನೂರಿನ ವೇಣು. ಹೋದ ವರ್ಷ ಚಿಕ್ಕಬಳ್ಳಾಪುರದಲ್ಲಿ ನಡೆದ ಮೂರು ದಿನದ ಕೂಟದಲ್ಲಿ ಪಕ್ಕದ ಚಾಪೆಯಲ್ಲಿ ಮಲಗಿದ್ದವನು. ಗೊರಕೆಯನ್ನೂ ಕೀರ್ತನೆಯಂತೆ ಏರಿಳಿಸಿ ಹೊಡೆಯುತ್ತಿದ್ದವನು. ಕೈ ಕುಲುಕಿದ, ಕುಲುಕಿದ್ದನ್ನು ಬಿಡಲಿಲ್ಲ. "ನಿಮ್ ಸ್ಕೂಲಿನ ಆ ಅಕ್ಕನಿಗೆ ಈಗ ಹೆಂಗಿದೆ ಬ್ರದರ್? ನಮ್ ಸಭೇಲಿ ಹೋದ ವಾರವೆಲ್ಲ ಅವ್ರಿಗೇ ಪ್ರಾರ್ಥನೆ" ಎಂದ.

"ಯಾವ ಅಕ್ಕ?" ಎಂದು ಕೆಂಪರಾಜು ಕೇಳಿದ.

"ಅದೇ, ಅಡಿಗೆ ಅಕ್ಕ. ಟಿಬಿ. ಶ್ಯಾಮಲಮ್ಮ ಅಂತಲ್ವಾ?"

"ಹೆಸರು ಯಾರು ಹೇಳಿದ್ರು ನಿಮಗೆ?"

"ಹೆಸರೊಂದ್ ಬಿಟ್ಟು ಎಲ್ಲಾ ನೀವೇ ಹೇಳಿದೀರಲ್ಲ! ನಮ್ ಸಭೆಯ ಒಬ್ಬರ ತವರು ಜಂಗಮಕೋಟೆ. ಕೇಳಿದ ತಕ್ಷಣ, ಓ ಇಂಥೋರೇ ಅಂದ್ರು. ಒಳ್ಳೇದೇ ಆಯ್ತು ಬಿಡಿ, ಹೆಸರಿದ್ರೆ ಪ್ರಾರ್ಥನೆಗೆ ಒಂದು ಗುರಿ ಇರುತ್ತೆ." ವೇಣು ಫೋನು ತೆಗೆದು, ಬೆರಳಿನಿಂದ ಮೇಲೆ ಕೆಳಗೆ ಹುಡುಕಿ, ಗಲ್ಲಾಪೆಟ್ಟಿಗೆಗೆ ಆನಿಸಿ ಜೋರಾಗಿ ಹಾಕಿದ. ಬೇಕರಿಯ ನೊಣಗಳ ನಡುವೆ, ಖಾರಾ ಬೂಂದಿಯ ಡಬ್ಬಗಳ ಮುಂದೆ, ಆ ಧ್ವನಿ ಎದ್ದು ನಿಂತಿತು. ಪ್ರಿಯ ಸಹೋದರ ಸಹೋದರಿಯರೇ, ನಮ್ಮ ಶಾಲೆಯಲ್ಲಿ ಮಕ್ಕಳಿಗೆ ಬಿಸಿಯೂಟ ಮಾಡುವ ಒಬ್ಬ ಸಹೋದರಿ. ಹೆಸರು ಬೇಡ, ಕರ್ತನಿಗೆ ಗೊತ್ತಿದೆ. ವಿಧವೆ. ಒಬ್ಬಳೇ ಮಗಳು, ಚಿಕ್ಕಬಳ್ಳಾಪುರದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಬೇಸಿಗೆ ರಜೆಗೆ ಚಿಂತಾಮಣಿಯ ತಂಗಿಯ ಮನೆಗೆ ಹೋಗುತ್ತೇನೆ ಎಂದು ಊರಿಗೆ ಹೇಳಿ ಎರಡು ತಿಂಗಳು ಕ್ಷಯಕ್ಕೆ ಔಷಧಿ ತೆಗೆದುಕೊಂಡು ಬಂದಿದ್ದಾರೆ. ಇಲ್ಲಿ ಧ್ವನಿ ಸ್ವಲ್ಪ ತಗ್ಗಿತು, ತಗ್ಗಿ ಇನ್ನೂ ಇಂಪಾಯಿತು. ಆ ಸಹೋದರಿಗಾಗಿ ನಾನು ಪ್ರತಿ ಮಧ್ಯಾಹ್ನ ಉಪವಾಸದಲ್ಲಿದ್ದೇನೆ, ನೀವೂ ಕೈಜೋಡಿಸಿ.

ಬೇಕರಿಯವನು ಬನ್ನಿನ ಪೊಟ್ಟಣವನ್ನು ಗಾಜಿನ ಮೇಲಿಟ್ಟು "ಸಾರ್, ನಿಮ್ದು" ಎಂದ. ಧ್ವನಿಯ ಬಗ್ಗೆ ಹೇಳಿದನೋ, ಬನ್ನಿನ ಬಗ್ಗೆ ಹೇಳಿದನೋ ಎಂದು ಕೆಂಪರಾಜು ಒಂದು ಗಳಿಗೆ ತಬ್ಬಿಬ್ಬಾದ. ವೇಣುವಿನ ಫೋನಿನಲ್ಲಿ ಆ ಮಾತಿನ ತಲೆಯ ಮೇಲೆ ಎರಡು ಬಾಣದ ಗುರುತಿತ್ತು, ಹಲವು ಬಾರಿ ರವಾನಿಸಲಾಗಿದೆ ಎಂದಿತ್ತು. ಎಷ್ಟು ಬಾರಿ ಎಂದಿರಲಿಲ್ಲ. ಎಲ್ಲಿ ಎಲ್ಲಿಗೆ ಎಂದಿರಲಿಲ್ಲ. "ಆಶೀರ್ವಾದವಾಗಿದೆ ಬ್ರದರ್ ನಿಮ್ ಧ್ವನಿ. ನಮ್ಮನೆಯವಳು ಅತ್ತೇಬಿಟ್ಳು" ಎಂದ ವೇಣು. ಅವನ ಮುಖದಲ್ಲಿ ಕಪಟದ ಎಳೆಯೂ ಇರಲಿಲ್ಲ. ಅದೇ ಭಯಂಕರವಾಗಿತ್ತು. ಕೆಟ್ಟವನೊಬ್ಬ ಸಿಕ್ಕಿದ್ದರೆ ಕೆಂಪರಾಜುವಿಗೆ ಕೋಪವಾದರೂ ಬರುತ್ತಿತ್ತು.

ಬಸ್ಸಿನಲ್ಲಿ ಪಕ್ಕದವನು ಮಾರುಕಟ್ಟೆಯಲ್ಲಿ ರೇಷ್ಮೆ ಗೂಡು ಮಾರಿ, ಖಾಲಿ ಚೀಲಗಳನ್ನು ಮಡಿಸಿ ತೊಡೆಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಚೀಲದ ಹಸಿ ವಾಸನೆ, ಊರಿನ ನೂಲು ತೆಗೆಯುವ ರೀಲಿಂಗ್ ಮನೆಗಳಿಂದ ಬರುವ ಬೆಂದ ಹುಳುವಿನ ವಾಸನೆ, ಹುಟ್ಟಿದಾಗಿನಿಂದ ಮೂಗಿಗೆ ಬಿದ್ದದ್ದು, ಇವತ್ತು ಗಂಟಲಿಗೆ ಬಂತು. ಕೆಂಪರಾಜು ಫೋನು ತೆಗೆದು ವಾಟ್ಸಾಪ್ ಬಳಗದ ಪಟ್ಟಿ ನೋಡಿದ. ಯೆರಿಕೋ ಗೋಡೆ ಪ್ರಾರ್ಥನಾ ಬಳಗ, ಬೈಬಲಿನಲ್ಲಿ ಭಕ್ತರ ಕೂಗಿಗೇ ಬಿದ್ದ ಗೋಡೆಯ ಹೆಸರು. ನಲವತ್ತೆರಡು ಜನ. ಎರಡು ವಾರದ ಕೆಳಗೆ ತಾನು ಕಳಿಸಿದ್ದು ಅಲ್ಲೇ ಇತ್ತು, ಅದರ ಕೆಳಗೆ ಜೋಡಿಸಿದ ಕೈಗಳು, ಆಮೆನ್‌ಗಳು, ಯಾರೋ ಒತ್ತಿದ ಗುಲಾಬಿ ಹೂವು. ಅಳಿಸಲು ಹೋದ. ಎಲ್ಲರಿಗೂ ಅಳಿಸುವ ಅವಧಿ ಮುಗಿದಿತ್ತು. ನಿಮಗೆ ಮಾತ್ರ ಅಳಿಸಬಹುದು ಎಂದು ಫೋನು ಮರ್ಯಾದೆಯಿಂದ ಸೂಚಿಸಿತು. ಅಳಿಸಿದ. ಏನೂ ಹಗುರಾಗಲಿಲ್ಲ. ಈಗೀಗ ಯಾರ ಧ್ವನಿಯಲ್ಲಿ ಏನು ಬೇಕಾದರೂ ಹೇಳಿಸುತ್ತಾರಂತೆ, ಕಂಪ್ಯೂಟರಿನಲ್ಲೇ ತಯಾರಿಸುತ್ತಾರಂತೆ ಎಂಬ ಯೋಚನೆ ಬಂತು. ಆ ಯೋಚನೆಯನ್ನು ಅವನು ಜಂಗಮಕೋಟೆಯ ದಾರಿಯಲ್ಲಿ ಎರಡು ಕಿಲೋಮೀಟರು ಸಾಕಿಕೊಂಡು ಬಂದ. ಸಾಕಿದಷ್ಟು ಹೊತ್ತೂ ಅದು ಅವನ ತೊಡೆಯ ಮೇಲೆ ಸುಖವಾಗಿ ಕೂತಿತ್ತು. ಆಮೇಲೆ ಹಿಪ್ಪುನೇರಳೆ ತೋಟದಲ್ಲಿ ಬಗ್ಗಿ ಸೊಪ್ಪು ಕೊಯ್ಯುತ್ತಿದ್ದ ಹೆಂಗಸೊಬ್ಬಳು ಬೆನ್ನು ಎತ್ತಿ ಬಸ್ಸಿನ ಕಡೆ ನೋಡಿದಳು. ಶ್ಯಾಮಲಮ್ಮನಂತೆಯೇ ಸೆರಗನ್ನು ತಲೆಗೆ ಸುತ್ತಿದ್ದಳು.

ಅವತ್ತು ಶ್ಯಾಮಲಮ್ಮ ಕಾಗದ ಹಿಡಿದುಕೊಂಡು ಬಂದದ್ದು ಏಳನೇ ತರಗತಿಗೆ ವಿಜ್ಞಾನ ಮುಗಿಸಿ ಅವನು ಹೊರಗೆ ಬರುತ್ತಿದ್ದಾಗ. ಅಡುಗೆ ಕೋಣೆಯ ಹಿಂದಿನ ಹೊಂಗೆಯ ಕೆಳಗೆ ಕರೆದು, ಸೆರಗಿನ ಗಂಟಿನಿಂದ ನಾಲ್ಕು ಮಡಿಕೆಯ ಹಾಳೆ ಬಿಚ್ಚಿದಳು. "ಇಂಗ್ಲೀಷಲ್ಲಿ ಬರ್ದವ್ರೆ ಡಾಕ್ಟ್ರು. ಏನಂತ ಬರ್ದವ್ರೆ ಓದಿ ಹೇಳಿ ಸಾರ್. ಕೆಲ್ಸ ಮಾಡ್ಬೋದು ಅಂತ ಬಾಯಲ್ಲಿ ಹೇಳವ್ರೆ. ಕಾಗ್ದದಲ್ಲೂ ಅಂಗೇ ಐತಾ?" ಇತ್ತು. ಎರಡು ತಿಂಗಳ ಔಷಧಿಯಾಗಿದೆ, ಕಫದಲ್ಲಿ ಈಗ ರೋಗಾಣುವಿಲ್ಲ, ಇವರಿಂದ ಯಾರಿಗೂ ಹರಡುವುದಿಲ್ಲ, ಕೆಲಸಕ್ಕೆ ಹೋಗಬಹುದು, ಇನ್ನು ನಾಲ್ಕು ತಿಂಗಳು ಮಾತ್ರೆ ತಪ್ಪಿಸಬಾರದು. ಅವನು ಓದಿ ಹೇಳಿದ. ಆಕೆ ಎರಡನೆಯ ಸಲ ಓದಿಸಿದಳು. ಶಾಲೆಯಲ್ಲಿ ಇಬ್ಬರು ಅಡುಗೆಯವರಿರಬೇಕಾದ ಕಡೆ ಇದ್ದವಳು ಆಕೆಯೊಬ್ಬಳೇ; ಆ ಸಂಬಳದ ಮೇಲೆ ಮಗಳು ಓದುತ್ತಿದ್ದಳು; ಅಡುಗೆಯವಳಿಗೆ ಟಿಬಿ ಎಂದು ಊರಿಗೆ ಗೊತ್ತಾದರೆ ಮಾರನೆಯ ದಿನ ಒಲೆ ಆರುತ್ತದೆ ಎಂಬುದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. "ಹೆಡ್ ಮೇಡಮ್ಮಿಗೂ ಹೇಳಿಲ್ಲ. ನಿಮಗ್ಯಾಕ್ ಹೇಳ್ದೆ ಅಂದ್ರೆ, ನೀವು ಅನ್ನದ ಮುಂದೆ ಕಣ್ ಮುಚ್ಚೋರು. ಅಂಥೋರ್ ಹೊಟ್ಟೇಲಿ ಮಾತು ನಿಲ್ತದೆ" ಎಂದಳು. ಅವನು "ನಾನು ಪ್ರಾರ್ಥನೆ ಮಾಡ್ತೀನಮ್ಮ" ಎಂದ. ಆಕೆ ಹಾಳೆಯನ್ನು ಮತ್ತೆ ನಾಲ್ಕು ಮಡಿಕೆ ಮಾಡಿ, "ಮಾಡಿ ಸಾರ್. ನಿಮ್ ದೇವ್ರ ಹತ್ರ ಹೇಳಿ. ಇನ್ಯಾರ ಹತ್ರಾನೂ ಬ್ಯಾಡ" ಎಂದಳು.

ಬಳಗಕ್ಕೆ ಹೇಳಿದರೆ ಇನ್ಯಾರಿಗೋ ಹೇಳಿದಂತೆ ಎಂದು ಅವನಿಗೆ ಆಗ ನಿಜಕ್ಕೂ ಅನ್ನಿಸಿರಲಿಲ್ಲ. ಇದನ್ನು ಯಾರಿಗೆ ಹೇಗೆ ವಿವರಿಸುವುದು! ಪ್ರಾರ್ಥನೆಯ ವಿಷಯ ಸಿಕ್ಕರೆ ಬಳಗಕ್ಕೆ ಕೊಡಬೇಕು; ಒಬ್ಬ ಬೇಡುವುದಕ್ಕಿಂತ ನಲವತ್ತು ಜನ ಬೇಡುವುದು ಮೇಲು; ಬೇಡುವಾಗ ಮೊಗಮ್ಮಾಗಿ ಬೇಡಬಾರದು, ಹೀಗೆ ಹೀಗೆ ಎಂದು ಬಿಡಿಸಿ ಬೇಡಬೇಕು. ಇದು ಅವರ ಸಭೆಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದು. ಯಾರ ಮನೆಯ ಗರ್ಭಕೋಶ, ಯಾರ ಗಂಡನ ಕುಡಿತ, ಯಾರ ಮಗಳ ಓಡಾಟ, ಎಲ್ಲವೂ ಹೀಗೇ ಹೆಸರಿಲ್ಲದೆ ಬಂದು ಜೋಡಿಸಿದ ಕೈಗಳ ಕೆಳಗೆ ಹಾದುಹೋಗುತ್ತಿದ್ದವು. ಹಿತ್ತಿಲ ಬಾಗಿಲಲ್ಲಿ ನಿಂತು ಆಡಿದ್ದರೆ ಅದಕ್ಕೆ ಚಾಡಿ ಎಂದು ಹೆಸರು. ಕಣ್ಣು ಮುಚ್ಚಿ ಆಡಿದರೆ ಪ್ರಾರ್ಥನೆಯ ಭಾರ. ವಾರ ಕಳೆಯುವ ಮುಂಚೆಯೇ ಒಂದು ಸಂಜೆ ಮಾಳಿಗೆಯ ಮೇಲೆ ಹೋಗಿ, ಮೊದಲ ಸಲ ಸರಿಬರಲಿಲ್ಲವೆಂದು ಎರಡನೆಯ ಸಲ ಧ್ವನಿ ತಿದ್ದಿಕೊಂಡು ಮಾತಾಡಿ ಕಳಿಸಿದ್ದ. ಒಣಗಿದ ಬಟ್ಟೆ ತೆಗೆಯಲು ಬಂದಿದ್ದ ಹೆಂಡತಿ ಲಾವಣ್ಯ ಕೇಳಿಸಿಕೊಂಡು, "ಹೆಸರೊಂದ್ ಯಾಕ್ ಬಿಟ್ರಿ, ಆಧಾರ್ ನಂಬರೂ ಹೇಳ್ಬಿಡ್ಬೇಕಿತ್ತು" ಎಂದಿದ್ದಳು. ಅವಳಿಗೆ ಆತ್ಮಿಕ ವಿಷಯಗಳಲ್ಲಿ ಆಳ ಸಾಲದು ಎಂದುಕೊಂಡು ಅವನು ಕೆಳಗಿಳಿದಿದ್ದ.

ಈಗ ಬಸ್ಸಿನಿಂದಲೇ ಅವಳಿಗೆ ಫೋನು ಮಾಡಿದ. ನಡೆದದ್ದನ್ನು ಪಿಸುಮಾತಿನಲ್ಲಿ ಹೇಳಿದ. ಹಿಂದೆ ಕುಕ್ಕರಿನ ಸೀಟಿ ಕೇಳಿಸಿತು. ಆಮೇಲೆ, ತಮಾಷೆಯ ಎಳೆಯೂ ಇಲ್ಲದೆ, "ರೀ, ಒಂದ್ ಕೇಳ್ತೀನಿ. ಆ ಗ್ರೂಪಿಗೆ ಹಾಕಿದ್ ಮೇಲೆ ನೀವು ಒಬ್ರೇ ಕೂತು ಆಯಮ್ಮಂಗೋಸ್ಕರ ಒಂದ್ಸಲನಾದ್ರೂ ಪ್ರಾರ್ಥನೆ ಮಾಡಿದೀರಾ?" ಎಂದಳು. ಅವನು ಸಿಗ್ನಲ್ ಇಲ್ಲ ಎಂದು ಹೇಳಿ ಇಟ್ಟ. ಸಿಗ್ನಲ್ ನಾಲ್ಕು ಗೀಟೂ ಇತ್ತು.

ಬಸ್ಸು ಗುಂಡಿಗೆ ಬಿದ್ದು ಎದ್ದಿತು, ಪಕ್ಕದವನ ತಲೆ ಅವನ ಭುಜಕ್ಕೆ ಬಂದು ತಾಗಿತು. ಮಾಡಿಲ್ಲ. ಒಂದು ಸಲವೂ ಇಲ್ಲ. ನಲವತ್ತೆರಡು ಜನರಿಗೆ ಹಂಚಿದ ಮೇಲೆ ತನ್ನ ಪಾಲಿಗೆ ಏನೂ ಉಳಿದಿರಲಿಲ್ಲ. ಉಪವಾಸವೆಂದದ್ದೋ? ಅದು ಡಾಕ್ಟರ ಕಾಗದ ಓದಿದ ಮಾರನೆಯ ಮಧ್ಯಾಹ್ನ ತಟ್ಟೆಯ ಮುಂದೆ ಹುಟ್ಟಿದ ಮಾತು. ಬಿಸಿಯೂಟವನ್ನು ಮಕ್ಕಳಿಗೆ ಬಡಿಸುವ ಮುಂಚೆ ಒಬ್ಬ ಮೇಷ್ಟ್ರು ತಿಂದು ನೋಡಿ ಪುಸ್ತಕದಲ್ಲಿ ಬರೆದು ಸಹಿ ಮಾಡಬೇಕೆಂಬ ನಿಯಮವಿದೆ. ಆ ಕೆಲಸ ಕೆಂಪರಾಜುವಿನದು. ಶ್ಯಾಮಲಮ್ಮ ಎಂದಿನಂತೆ ಅನ್ನದ ಮೇಲೆ ಸಾಂಬಾರು ಸುರಿದು ತಟ್ಟೆಯನ್ನು ಮುಂದಿಟ್ಟಾಗ ಅವನ ಕೈ ಮುಂದೆ ಹೋಗಲಿಲ್ಲ. ಕೈಯನ್ನು ಅವನು ತಡೆದಿರಲಿಲ್ಲ, ಅದು ತಾನಾಗಿ ತೊಡೆಯ ಮೇಲೆ ಉಳಿಯಿತು. ಬೆಳಿಗ್ಗೆಯಷ್ಟೇ ಕಪ್ಪು ಹಲಗೆಯ ಮೇಲೆ ಬರೆದು ಮಕ್ಕಳಿಂದ ಮೂರು ಸಲ ಹೇಳಿಸಿದ್ದ: ಕ್ಷಯ ಗಾಳಿಯಿಂದ ಹರಡುತ್ತದೆ, ಊಟದಿಂದ ಹರಡುವುದಿಲ್ಲ, ಔಷಧಿ ತೆಗೆದುಕೊಂಡವರಿಂದ ಹರಡುವುದಿಲ್ಲ. ಎಲ್ಲ ಗೊತ್ತಿದ್ದ ಕೈ ಅದು. "ನಾನು ಇವತ್ತು ಉಪವಾಸ ಅಮ್ಮ... ನಿಮಗೋಸ್ಕರ" ಎಂದು ಬಾಯಿ ಹೇಳಿತು. ಶ್ಯಾಮಲಮ್ಮನ ಕಣ್ಣಲ್ಲಿ ನೀರು ಬಂತು. ನೀರು ಬಂದ ಮೇಲೆ ಆ ಉಪವಾಸವನ್ನು ಮಾರನೆಯ ದಿನಕ್ಕೆ ನಿಲ್ಲಿಸಲಾಗಲಿಲ್ಲ; ಒಂದು ದಿನದ್ದು ವಾರದ್ದಾಯಿತು, ವಾರದ್ದು ಮೂರು ವಾರದ್ದಾಯಿತು, ನಡುವೆ ಧ್ವನಿಯಲ್ಲೂ ಸೇರಿಕೊಂಡಿತು. ಒಂದು ಗಂಟೆಯ ಮೇಲೆ ಸ್ಟಾಫ್ ರೂಮಿನಲ್ಲಿ ನಕಾಶೆಗಳ ಬೀರುವಿನ ಬಾಗಿಲು ತೆರೆದು, ಆ ಬಾಗಿಲಿನ ಮರೆಯಲ್ಲಿ ನಿಂತು ಅವನು ಬೆಣ್ಣೆ ಬನ್ನು ತಿನ್ನುತ್ತಿದ್ದ. ಏಕಾದಶಿಯ ದಿನ ಅನ್ನ ಬಿಟ್ಟು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಳ್ಳುವವರ ಬಗ್ಗೆ ಸಭೆಯಲ್ಲಿ ನಗೆಯಾಡಿದ್ದವನು. ಪುಸ್ತಕದಲ್ಲಿ ಮಾತ್ರ ದಿನವೂ ದುಂಡಗೆ ಬರೆಯುತ್ತಿದ್ದ: ರುಚಿಯಾಗಿದೆ.

ಮತ್ತೆ ನೀರು. ನೀರಿನ ವಿಷಯ ನೆನಪಾದದ್ದು ಬಸ್ಸು ಜಂಗಮಕೋಟೆಗೆ ತಿರುಗುವಾಗ, ಎದುರು ಸೀಟಿನ ಹೆಂಗಸು ಬಾಟಲಿಯನ್ನು ತುಟಿಗೆ ತಾಗಿಸದೆ ಎತ್ತಿ ಬಾಯಿಗೆ ಸುರಿದುಕೊಂಡದ್ದನ್ನು ಕಂಡು. ಈ ಮೂರು ವಾರದಲ್ಲಿ ಶ್ಯಾಮಲಮ್ಮ ನೀರಿನ ಲೋಟ ತಂದಾಗಲೆಲ್ಲ ಅವನು ತನ್ನ ಬಾಟಲಿಯ ಮುಚ್ಚಳ ತೆಗೆದು ಕೆಳಗೆ ಹಿಡಿದಿದ್ದ, ಆಕೆ ಮೇಲಿನಿಂದ ಸುರಿದಿದ್ದಳು. ಲೋಟದ ಅಂಚು ಬಾಟಲಿಯ ಬಾಯಿಗೆ ತಾಗದಂತೆ ಅವನೇ ಬಾಟಲಿಯನ್ನು ಒಂದು ಗೇಣು ತಗ್ಗಿಸಿದ್ದ. ಆ ಗೇಣು ಈಗ ಕಣ್ಣಿಗೆ ಕಟ್ಟಿತು. ಏಳು ವರ್ಷದವನಿದ್ದಾಗ ಅವನ ತಾಯಿ ಮಂಗಮ್ಮ ಇದೇ ಶ್ಯಾಮಲಮ್ಮನ ಅತ್ತೆಯ ಮನೆಯ ಹಿತ್ತಿಲಲ್ಲಿ ಕುಕ್ಕರುಗಾಲಲ್ಲಿ ಕೂತು ಬೊಗಸೆ ಒಡ್ಡುತ್ತಿದ್ದಳು, ಆ ಮುದುಕಿ ಜಗಲಿಯ ಮೇಲೆ ನಿಂತು ಮಜ್ಜಿಗೆ ಸುರಿಯುತ್ತಿದ್ದಳು, ಮಜ್ಜಿಗೆ ತಾಯಿಯ ಮೊಣಕೈವರೆಗೂ ಇಳಿದು ಅಲ್ಲಿಂದ ತೊಟ್ಟಿಕ್ಕುತ್ತಿತ್ತು, ಹನಿ ಬಿದ್ದ ಮಣ್ಣಿನಲ್ಲಿ ಇರುವೆ ಸೇರುತ್ತಿದ್ದವು. ಆ ಮನೆಯ ಸೊಸೆ ಗಂಡ ಸತ್ತ ಮೇಲೆ ಅಡುಗೆ ಕೆಲಸಕ್ಕೆ ಸೇರಿ, ಮೊದಲ ದಿನವೇ ತಟ್ಟೆಯನ್ನು ನೆಲದ ಮೇಲಿಡದೆ ಅವನ ಕೈಗೇ ಕೊಟ್ಟಿದ್ದಳು; ಬೆರಳಿಗೆ ಬೆರಳು ತಾಗಿತ್ತು. ಆ ತಟ್ಟೆಯ ಕಥೆಯನ್ನು ಅವನು ಮೂರು ಸಭೆಗಳಲ್ಲಿ ಸಾಕ್ಷಿಯಾಗಿ ಹೇಳಿದ್ದ. ಗೋಡೆಗಳು ಹೇಗೆ ಬೀಳುತ್ತವೆ ನೋಡಿ ಎಂದಿದ್ದ. ಚಿಕ್ಕಬಳ್ಳಾಪುರದ ಕೂಟದಲ್ಲಿ ಮೈಕಿನ ಮುಂದೆ ಹೇಳಿದಾಗ ಅತ್ತವರಲ್ಲಿ ಈ ವೇಣುವೂ ಇದ್ದ.

ಜಂಗಮಕೋಟೆಯಲ್ಲಿ ಇಳಿದು, ಅಲ್ಲಿ ನಿಲ್ಲಿಸಿದ್ದ ಗಾಡಿ ಹತ್ತಿ, ಮೂರು ಕಿಲೋಮೀಟರು ಒಳಗಿನ ಊರಿಗೆ ಬಂದಾಗ ಹನ್ನೆರಡೂವರೆ. ಶಾಲೆಯ ಗೇಟಿನ ಹತ್ತಿರ ಐದಾರು ಬೈಕುಗಳು ನಿಂತಿದ್ದವು. ಊಟದ ಹೊತ್ತಿಗೆ ಶಾಲೆಯ ಮುಂದೆ ಬೈಕು ನಿಲ್ಲುವುದೆಂದರೇನೆಂದು ಕೆಂಪರಾಜುವಿಗೆ ಗೊತ್ತಾಯಿತು, ಗೊತ್ತಾದರೂ ಕಾಲು ನಡೆಯುತ್ತಲೇ ಇತ್ತು. ಜಗಲಿಯ ಮೇಲೆ ಮಕ್ಕಳು ತಟ್ಟೆ ಹಿಡಿದು ಸಾಲಾಗಿ ಕೂತಿದ್ದವು. ತಟ್ಟೆಗಳು ಖಾಲಿ. ಅಡುಗೆ ಕೋಣೆಯ ಬಾಗಿಲಲ್ಲಿ ಶ್ಯಾಮಲಮ್ಮ ಸೌಟು ಹಿಡಿದು ನಿಂತಿದ್ದಳು. ಯಾರೋ ಬಡಿಸಬೇಡ ಎಂದಾಗ ಹೇಗೆ ನಿಂತಳೋ ಹಾಗೆಯೇ ಇನ್ನೂ ನಿಂತಂತಿತ್ತು. ಹೆಡ್ ಮೇಡಂ ತನುಜ ಕುರ್ಚಿಯ ಬೆನ್ನನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಕುರ್ಚಿಯಲ್ಲಿ ಶಾಲಾ ಸಮಿತಿಯ ಅಧ್ಯಕ್ಷ ಮುನಿನಾರಾಯಣಪ್ಪ, ತೊಡೆಯ ಮೇಲೆ ರುಚಿ ಪುಸ್ತಕ, ಅದರ ಮೇಲೆ ಫೋನು. ಸಿಟ್ಟು ಬಂದರೆ ಆತ ತೆಲುಗಿಗೆ ಇಳಿಯುತ್ತಿದ್ದ.

"ಇದೇಮಿಟಿ ಮೇಷ್ಟ್ರೆ?" ಎಂದ. "ನಮ್ ಭಾವಮೈದ ಪೆರೇಸಂದ್ರದಿಂದ ಕಳ್ಸವ್ನೆ. ಅವನ ಟೀ ಅಂಗ್ಡಿಗೆ ಬಂದೋರ್ಯಾರೋ ಕೊಟ್ರಂತೆ. ನಿಮ್ ಶಾಲೆದೇ ಅಲ್ವಾ ಭಾವ, ಕೇಳು ಅಂತ." ಮತ್ತೆ ಆ ಧ್ವನಿ ಎದ್ದಿತು. ಈ ಸಲ ಬೇಕರಿಯ ಗದ್ದಲವಿರಲಿಲ್ಲ, ಮಕ್ಕಳೂ ಉಸಿರಾಡದೆ ಕೇಳುತ್ತಿದ್ದವು. ಹೆಸರು ಬೇಡ, ಕರ್ತನಿಗೆ ಗೊತ್ತಿದೆ ಎಂಬಲ್ಲಿ ಯಾರೋ ಅಪ್ಪ ಗೇಟಿನ ಬಳಿಯಿಂದ "ಕರ್ತನಿಗೊಬ್ಬನಿಗೇನಾ?" ಎಂದ. ಯಾರೂ ನಗಲಿಲ್ಲ. ಕೆಂಪರಾಜು ಶ್ಯಾಮಲಮ್ಮನ ಕಡೆ ನೋಡದಿರಲು ಪ್ರಯತ್ನಿಸಿ ನೋಡಿದ. ಆಕೆ ಧ್ವನಿಯನ್ನು ಕೇಳುತ್ತಿದ್ದ ರೀತಿ ವಿಚಿತ್ರವಾಗಿತ್ತು, ತನ್ನದಲ್ಲದ ಯಾರದೋ ಕಷ್ಟವನ್ನು ಕೇಳುವವಳ ಹಾಗೆ, ಮಗಳ ಮಾತು ಬಂದಾಗ ಮಾತ್ರ ಸೌಟನ್ನು ಎದೆಗೆ ಒತ್ತಿಕೊಂಡಳು.

"ಧ್ವನಿ ನಿಮ್ದಾ?"

ಕಂಪ್ಯೂಟರಿನ ಮಾತು ನಾಲಿಗೆಯ ತುದಿಗೆ ಬಂದು ಒಂದು ಸುತ್ತು ಸುತ್ತಿತು. "ನಂದೇ" ಎಂದ.

"ಸರಿ. ಖಾಯಿಲೆ ನಿಜಾನಾ?"

"ವಾಸಿಯಾಗಿದೆ. ಹರಡಲ್ಲ. ಡಾಕ್ಟ್ರು ಬರ್ದುಕೊಟ್ಟಿದಾರೆ, ನಾನೇ ಓದಿದೀನಿ. ಊಟದಿಂದ ಅದು ಹರಡೋದೇ ಇಲ್ಲ ಯಜಮಾನ್ರೇ, ಮಕ್ಳಿಗೂ ಪಾಠ ಮಾಡಿದೀನಿ ಬೇಕಾದ್ರೆ ಕೇಳಿ." ಏಳನೆಯ ತರಗತಿಯ ಮಕ್ಕಳಲ್ಲಿ ಒಬ್ಬಳು ಕೇಳದೆಯೇ ಹೌದೆಂದು ತಲೆಯಾಡಿಸಿದಳು.

ಮುನಿನಾರಾಯಣಪ್ಪ ಕನ್ನಡಕ ಮೂಗಿಗೆ ಏರಿಸಿಕೊಂಡ. ಆತ ಕೆಟ್ಟವನಲ್ಲ, ಗೂಡು ಕೊಳ್ಳುವವನು; ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಹುಳು ಗಟ್ಟಿಯೋ ಟೊಳ್ಳೋ ಹೇಳುವವನು. ಅದೇ ನಿಧಾನದಲ್ಲಿ ಪುಸ್ತಕ ತಿರುವಿದ. "ನಾನು ಓದಿದೋನಲ್ಲ ಮೇಷ್ಟ್ರೆ. ನಂಗೊಂದೇ ಅರ್ಥ ಆಗ್ತಿಲ್ಲ. ಫೋನಲ್ಲಿ ದಿನಾ ಮಧ್ಯಾಹ್ನ ಉಪವಾಸ ಅಂತ ಹೇಳ್ತೀರ. ಈ ಪುಸ್ತಕ್ದಲ್ಲಿ ದಿನಾ ಮಧ್ಯಾಹ್ನ ರುಚಿಯಾಗಿದೆ ಅಂತ ಬರ್ದಿದೀರ. ಅನ್ನ ತಿಂದ್ರಾ, ಬಿಟ್ರಾ? ತಿಂದಿದ್ರೆ ಹೇಳಿ, ಮೂರ್ ವಾರ ಈಯಮ್ಮನ ಕೈಯಾಗ್ ತಿಂದು ಗಟ್ಟಿಯಾಗ್ ನಿಂತಿದೀರಲ್ಲ, ನಮ್ ಮಕ್ಳೂ ತಿಂತವೆ. ಹೆದ್ರಿ ಬಿಟ್ಟಿದ್ರೆ ಅದನ್ನೂ ಹೇಳಿ. ಓದಿಸೋ ಮೇಷ್ಟ್ರೇ ಮುಟ್ಟದ ಅನ್ನ ನಮ್ ಮಕ್ಳಿಗ್ಯಾಕೆ?"

ಎಂಥ ಸರಳವಾದ ಪ್ರಶ್ನೆ. ಕೆಂಪರಾಜು ಅದನ್ನು ತಲೆಯೊಳಗೆ ಹಾಕಿಕೊಂಡು ಬಾಗಿಲು ಹುಡುಕಿದ. ತಿಂದೆ ಎಂದರೆ ದೇವರ ಮುಂದೆ ಆಡಿದ್ದು ಸುಳ್ಳು. ಬಿಟ್ಟೆ ಎಂದರೆ ಸರ್ಕಾರದ ಮುಂದೆ ಬರೆದದ್ದು ಸುಳ್ಳು. ಎರಡೂ ಸುಳ್ಳೆಂದರೆ ಉಳಿಯುವುದು ಬೀರುವಿನ ಬಾಗಿಲು, ಬನ್ನು, ಮತ್ತು ಶ್ಯಾಮಲಮ್ಮನ ಆರಿದ ಒಲೆ. ಸತ್ಯ ಹೇಳಿ ಆಕೆಯ ಅನ್ನ ಕೀಳಲೇ, ಸುಳ್ಳು ಹೇಳಿ ಉಳಿಸಲೇ ಎಂದು ಧರ್ಮಸಂಕಟದಂತೆ ಅದನ್ನು ಎತ್ತಿ ನಿಲ್ಲಿಸಲು ನೋಡಿದ. ಅದು ನಿಲ್ಲಲಿಲ್ಲ, ಸುಮ್ಮನೆ ಭಯವಾಗಿ ಕೂತುಬಿಟ್ಟಿತು. ಹೆಗಲ ಚೀಲದಲ್ಲಿ ಇವತ್ತಿನ ಬನ್ನು ಬೆಚ್ಚಗೆ ಪಕ್ಕೆಗೆ ತಾಗುತ್ತಿತ್ತು. ಬಾಯಿ ತೆರೆದ. ಯಾವ ಮಾತು ಬರಲಿದೆ ಎಂದು ಅವನಿಗೂ ತಿಳಿದಿರಲಿಲ್ಲ.

"ಉಪವಾಸಾನೇ ಇದ್ರು" ಎಂದಳು ಶ್ಯಾಮಲಮ್ಮ.

ಎಲ್ಲರೂ ಅಡುಗೆ ಕೋಣೆಯ ಕಡೆ ತಿರುಗಿದರು. "ನಂಗೋಸ್ಕರ ಅನ್ನ ಬಿಟ್ಟಿದ್ರು ಯಜಮಾನ್ರೇ. ನಾನ್ ಕಣ್ಣಾರೆ ಕಂಡಿದೀನಿ. ನನ್ ಎದ್ರಿಗೇ ಎಷ್ಟ್ ದಿನ ತಟ್ಟೆ ತಳ್ಳವ್ರೆ. ನಾಲ್ಗೆ ತುದಿಗೆ ಇಷ್ಟ್ ಸಾರು ಮುಟ್ಟಿಸಿ ರುಚಿ ನೋಡಿ ಬರೀತಿದ್ರು, ಅದೂ ಮಕ್ಳಿಗೋಸ್ಕರ. ಹೆದ್ರೋರಾಗಿದ್ರೆ ನಾನ್ ಕೊಟ್ ನೀರು ಕುಡೀತಿದ್ರಾ?"

ಗೇಟಿನ ಬಳಿ ನಿಂತಿದ್ದ ಗಂಡಸರ ಮುಖ ಬದಲಾಯಿತು. ಅನ್ನ ಬಿಟ್ಟವನನ್ನು ಈ ಸೀಮೆಯಲ್ಲಿ ಯಾರೂ ಹಗುರವಾಗಿ ಕಾಣುವುದಿಲ್ಲ, ಯಾವ ದೇವರಿಗಾದರೂ ಬಿಟ್ಟಿರಲಿ. ತನುಜ ಮೇಡಂ ಕುರ್ಚಿಯ ಹಿಡಿತ ಸಡಿಲಿಸಿ ಸೆರಗಿನಿಂದ ಮೂಗೊರೆಸಿಕೊಂಡರು. "ಅಂಗಾದ್ರೆ" ಎಂದ ಮುನಿನಾರಾಯಣಪ್ಪ, ಪುಸ್ತಕ ಮುಚ್ಚಿ, "ಇವತ್ತು ನಮ್ ಮುಂದೇನೇ ಉಪವಾಸ ಬಿಡ್ಲಿ. ಹಾಕಮ್ಮ ಮೇಷ್ಟ್ರಿಗೆ. ಅವರ್ ತಿಂದ್ ಮೇಲೆ ನಮ್ ಮೌನಿಕಾಗೆ ಹಾಕು, ಮೊಮ್ಮಗಳು ತಿಂದ್ರೆ ಊರ್ ಮಕ್ಳೆಲ್ಲ ತಿಂದಂಗೆ. ಕಾಗ್ದ ಮಾತ್ರ ನಾಳೆ ಮೇಡಮ್ಮಿಗೆ ತೋರ್ಸು."

ಅವನು ಜಗಲಿಯ ಮೇಲೆ ಮಕ್ಕಳ ಎದುರು ಕೂತ. ಕೂತನೋ, ಯಾರಾದರೂ ಕೂರಿಸಿದರೋ. ಶ್ಯಾಮಲಮ್ಮ ತಟ್ಟೆ ತಂದಳು. ನೆಲದ ಮೇಲಿಡಲಿಲ್ಲ, ಕೈಗೇ ಕೊಟ್ಟಳು, ಬೆರಳಿಗೆ ಬೆರಳು ತಾಗಿತು. ಆಕೆಯ ಬೆರಳು ಬಿಸಿಯಾಗಿತ್ತು, ಒಲೆಯ ಬಿಸಿ. ಸಾಂಬಾರು ಸುರಿಯಲು ಬಗ್ಗಿದಾಗ ಆಕೆಯ ಬಾಯಿ ಅವನ ಕಿವಿಯ ಮಟ್ಟಕ್ಕೆ ಬಂತು. ಯಾರಿಗೂ ಕೇಳದಂತೆ, ಬೈಯುವ ದನಿಯಲ್ಲೂ ಅಲ್ಲ, ಒಂದು ಕೆಲಸದ ಮಾತು ತಿಳಿಸುವಂತೆ ಹೇಳಿದಳು: "ಸ್ಟಾಫ್ ರೂಮು ಗುಡಿಸೋಳೂ ನಾನೇ ಸಾರ್. ಬನ್ನಿನ ಕಾಗ್ದ ದಿನಾ ಬೀರು ಹಿಂದೇನೇ ಬಿದ್ದಿರ್ತಿತ್ತು."

ಸೌಟು ಎದ್ದಿತು, ಆಕೆ ನೆಟ್ಟಗಾದಳು. ದಿನಾ. ಮೊದಲ ದಿನದಿಂದ. ಕಣ್ಣಲ್ಲಿ ನೀರು ತಂದುಕೊಂಡ ದಿನವೇ ಸಂಜೆ ಕಾಗದವನ್ನು ಗುಡಿಸಿದ್ದಾಳೆ. ಮಾರನೆಯ ದಿನ ಮತ್ತೆ ತಟ್ಟೆ ತಂದಿದ್ದಾಳೆ. ಬಾಟಲಿಯನ್ನು ಅವನು ತಗ್ಗಿಸಿದಷ್ಟೂ ಎತ್ತರದಿಂದ, ಚೆಲ್ಲದಂತೆ, ನೋಡಿ ನೋಡಿ ಸುರಿದಿದ್ದಾಳೆ. ಎಲ್ಲ ಗೊತ್ತಿದ್ದು ಈಗ ಊರಿನ ಮುಂದೆ ನಿಂತು ಅವನ ಪರವಾಗಿ ಸಾಕ್ಷಿ ಹೇಳಿದ್ದಾಳೆ. ನೆರೆಯವನನ್ನು ಕೆಡಿಸುವ ಸುಳ್ಳು ಸಾಕ್ಷಿಯ ಬಗ್ಗೆ ಅವನಿಗೆ ಬೈಬಲಿನ ಆಜ್ಞೆ ಬಾಯಿಪಾಠವಿತ್ತು. ನೆರೆಯವನ ಮಾನ ಮುಚ್ಚುವ ಸುಳ್ಳಿಗೆ ಏನೆನ್ನಬೇಕೆಂದು ಯಾವ ಭಾನುವಾರವೂ ಯಾರೂ ಹೇಳಿರಲಿಲ್ಲ. ತನ್ನ ಕೆಲಸ ಉಳಿಸಿಕೊಳ್ಳಲು ಹೇಳಿದಳು ಎಂದುಕೊಂಡರೆ ತಾನು ಸ್ವಲ್ಪ ಉಸಿರಾಡಬಹುದಿತ್ತು. ಹಾಗೆಂದುಕೊಳ್ಳಲು ನೋಡಿದ. ಆಗಲಿಲ್ಲ, ಅವಳು ನಿಜ ಹೇಳಿ ಅವನನ್ನು ಬೀದಿಗೆಳೆದಿದ್ದರೂ ಯಾರೂ ಬೇಡವೆನ್ನುತ್ತಿರಲಿಲ್ಲ.

ಎದುರಿಗೆ ಮಕ್ಕಳು ಕಣ್ಣು ಮುಚ್ಚಿದ್ದವು. ಅದು ಅವನು ಕಲಿಸಿದ್ದಲ್ಲ, ಸರ್ಕಾರಿ ಶಾಲೆಯಲ್ಲಿ ಅಂಥದ್ದನ್ನು ಕಲಿಸುವವನೂ ಅಲ್ಲ; ಊಟದ ಮುಂಚೆ ಅವನು ಕಣ್ಣು ಮುಚ್ಚುವುದನ್ನು ನೋಡಿ ನೋಡಿ ಅವೇ ಹುಟ್ಟಿಸಿಕೊಂಡ ಆಟ. ಸಾರ್ ಕಣ್ಣು ಬಿಡುವವರೆಗೆ ಯಾರೂ ಬಿಡಬಾರದು, ಮೊದಲು ಬಿಟ್ಟವರು ಔಟು. ಮೂರು ವಾರದಿಂದ ನಿಂತಿದ್ದ ಆಟ ಇವತ್ತು ಮತ್ತೆ ಸಿಕ್ಕಿತೆಂದು ಅವು ಮುಖ ಬಿಗಿದು, ರೆಪ್ಪೆ ಒತ್ತಿ, ಕಾಯುತ್ತಿದ್ದವು. ದೊಡ್ಡವರೂ ಕಾಯುತ್ತಿದ್ದರು. ಅವನ ರೆಪ್ಪೆಗಳೂ ಅಭ್ಯಾಸದಿಂದ ಇಳಿಯಲು ಹೊರಟವು. ಇಳಿದರೆ ಒಳಗೆ ಕತ್ತಲು, ಆ ಕತ್ತಲಲ್ಲಿ ಇಂಪಾದ ಆ ಧ್ವನಿ ಕಾದು ಕೂತಿದೆ, ಎರಡನೆಯ ಸಲ ತಿದ್ದಿಕೊಂಡು ಮಾತಾಡಲು. ಅವನು ಕಣ್ಣನ್ನು ತೆರೆದೇ ಇಟ್ಟ. ಬುದ್ಧಿ ಬಂದಾಗಿನಿಂದ ಮೊದಲ ಬಾರಿಗೆ, ಪ್ರಾರ್ಥನೆಯಿಲ್ಲದೆ, ಎದುರಿಗೆ ನಿಂತವಳ ಪಾದಗಳನ್ನು, ಕಾಲುಂಗುರ ತೆಗೆದ ಬಿಳಿ ಗುರುತನ್ನು ನೋಡುತ್ತ, ಅನ್ನ ಕಲಸಿ ತುತ್ತು ಬಾಯಿಗಿಟ್ಟ.

ಮೌನಿಕಾ ಒಂದು ಕಣ್ಣನ್ನು ಸೂಜಿಯಷ್ಟು ತೆರೆದಿದ್ದಳು. "ಏಯ್, ಸಾರ್ ಕಣ್ಣೇ ಮುಚ್ಚಿಲ್ಲ ಕಣ್ರೋ! ಮೋಸ!" ಎಂದು ಕೂಗಿದಳು.

ಸಾಲು ಪೂರ್ತಿ ಕಣ್ಣು ಬಿಟ್ಟಿತು. ಗೇಟಿನ ಬಳಿ ಯಾರೋ ನಕ್ಕರು, ನಗೆ ಬೈಕಿನಿಂದ ಬೈಕಿಗೆ ಹೋಯಿತು. ತುತ್ತು ಗಂಟಲಲ್ಲಿ ನಿಂತಿತ್ತು, ಅದು ಇಳಿಯಿತು. ಎರಡನೆಯ ತುತ್ತು ಸುಲಭವಾಗಿ ಇಳಿಯಿತು, ಅದೂ ಒಂದು ಆಘಾತವೇ. ಶ್ಯಾಮಲಮ್ಮ, ಇಷ್ಟು ವರ್ಷ ದಿನವೂ ಕೇಳುತ್ತಿದ್ದದ್ದನ್ನು, ಈ ಮೂರು ವಾರ ಮಾತ್ರ ಕೇಳದೆ ಬಿಟ್ಟಿದ್ದನ್ನು, ಎಲ್ಲರಿಗೂ ಕೇಳುವಂತೆ ಕೇಳಿದಳು: "ಉಪ್ಪು ಸರ್ಯಾಗ್ ಐತಾ ಸಾರ್?"

ಅವನು ಅಗಿದ. ಚೆನ್ನಾಗಿದೆ ಎನ್ನಲು ಊರೆಲ್ಲ ಕಾಯುತ್ತಿತ್ತು. ನಾಲಿಗೆಯ ಮೇಲೆ ಬೇಳೆ ಇತ್ತು, ಹುಣಸೆ ಇತ್ತು, ಸುಟ್ಟ ಮೆಣಸಿನಕಾಯಿಯ ಘಾಟು ಇತ್ತು. "ಸ್ವಲ್ಪ ಕಮ್ಮಿ ಇದೆ ಅಮ್ಮ" ಎಂದ. ತನುಜ ಮೇಡಂ ಗಾಬರಿಯಿಂದ ಅವನನ್ನು ನೋಡಿದರು. ಶ್ಯಾಮಲಮ್ಮ ಒಳಗೆ ಹೋಗಿ ಉಪ್ಪಿನ ಡಬ್ಬ ತಂದಳು. ಮೂರು ಬೆರಳಲ್ಲಿ ಚಿಟಿಕೆ ತೆಗೆದು, ಮೊಣಕಾಲೂರಿ ಕೂತು, ತಟ್ಟೆಗೆ ಕೈ ತಾಗುವಷ್ಟು ಹತ್ತಿರದಿಂದ ಹಾಕಿದಳು. ಅವನು ತಟ್ಟೆಯನ್ನು ತಗ್ಗಿಸಲಿಲ್ಲ.

ಮುನಿನಾರಾಯಣಪ್ಪ ಪುಸ್ತಕವನ್ನೂ ಪೆನ್ನನ್ನೂ ಅವನ ಪಕ್ಕಕ್ಕೆ ಸರಿಸಿದ. ಹಾಳೆಯ ಮೇಲಿನಿಂದ ಕೆಳಗಿನವರೆಗೆ ದುಂಡನೆಯ ಅಕ್ಷರದಲ್ಲಿ ರುಚಿಯಾಗಿದೆ, ರುಚಿಯಾಗಿದೆ ಎಂದು ಇಳಿದು ಬಂದಿತ್ತು. ಬಲಗೈ ಎಂಜಲಾಗಿದ್ದರಿಂದ ಕೆಂಪರಾಜು ಎಡಗೈಯಲ್ಲಿ ಪೆನ್ನು ಹಿಡಿದು, ಒಂದನೇ ತರಗತಿಯ ಮಗುವಿನಂತೆ ಅಕ್ಷರಗಳನ್ನು ಒಂದೊಂದಾಗಿ ಒತ್ತಿ, ಇವತ್ತಿನ ಸಾಲಿನಲ್ಲಿ ಬರೆದ: ಉಪ್ಪು ಕಡಿಮೆ.